ನಾನೇ ಕೂಗಿದ ದರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆ ಯಾರೋ ಬೆರಳು ಮಾಡಿ ತೋರಿಸುವುದು ಬೇಡ. ಗೋವಾದ ಸಾಂಖಳಿಯಿಂದಾಚೆ ಒಂದು ಬೋಳು ಗುಡ್ಡವಿದೆ. ಅದರ ದರವನ್ನು ಚದರ ಮೀಟರಿಗೆ ಏಳು ಸಾವಿರದಿಂದ ಹನ್ನೊಂದು ಸಾವಿರಕ್ಕೆ ಏರಿಸಿದವನು ನಾನು. ಒಂದು ರೂಪಾಯಿ ಖರ್ಚಿಲ್ಲದೆ, ಬರೀ ಗಂಟಲಿನಿಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನನ್ನು ಜಾಣ ಕಳ್ಳ ಅನ್ನಬಹುದಿತ್ತು. ಆದರೆ ಏರಿದ ದರ ಕೇಳಿ ಎಲ್ಲರಿಗಿಂತ ಮೊದಲು ಗಾಬರಿಯಾಗಿ, ಈಗ ಕೊಳ್ಳದಿದ್ದರೆ ಕೆಟ್ಟೆವು ಎಂದು ನಮ್ಮ ದೊಡ್ಡವ್ವನ ಬೆನ್ನು ಹತ್ತಿದವನೂ ನಾನೇ. ಅವಳ ಹೊಟ್ಟೆ ಹೊರೆಯುತ್ತಿದ್ದ ನಾಲ್ಕು ಬಾಡಿಗೆ ಖೋಲಿಗಳನ್ನು ಮಾರಿಸಿ, ಆ ಹಣದಲ್ಲಿ ಆ ಗುಡ್ಡದ ಮೇಲೆ ಒಂದು ಪ್ಲಾಟು ಕೊಡಿಸಲು ಹೊರಟಿದ್ದೆ. ನಾನು ಮೋಸ ಮಾಡಿದವನೋ ಮೋಸ ಹೋದವನೋ ಎಂಬುದು ಇದನ್ನು ಬರೆಯುವಾಗಲೂ ನನಗೆ ಸರಿಯಾಗಿ ತಿಳಿದಿಲ್ಲ. ಎರಡೂ ಒಟ್ಟಿಗೆ ಆಗಬೇಕಾದರೆ ಒಂದಿಷ್ಟು ಪ್ರತಿಭೆ ಬೇಕು. ಅದು ನನಗಿದೆ.

ಪ್ರತಿಭೆ ಎಂದರೆ ಇಷ್ಟೇ: ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ಹೊಟ್ಟೆಪಾಡಿಗೆ ಪಣಜಿಯ ಒಂದು ಮೊಬೈಲ್ ಅಂಗಡಿಯಲ್ಲಿ ಜನರ ಫೋನಿಗೆ ಗಾಜು ಅಂಟಿಸುತ್ತೇನೆ. ಬಿಡುವಿದ್ದಾಗ ಮಾಲೀಕರು ಮೂಗಿನಿಂದ ಆಡುವ ಕೊಂಕಣಿಯನ್ನು ಅವರ ಬೆನ್ನ ಹಿಂದೆಯೇ ಆಡುತ್ತೇನೆ. ಬಸ್ಸಿನ ಬಾಗಿಲಿಗೆ ಜೋತುಬಿದ್ದು ‘ಫುಡೆಂ, ಫುಡೆಂ’ ಎಂದು ಜನರನ್ನು ಮುಂದೆ ಮುಂದೆ ದಬ್ಬುವ ಕಂಡಕ್ಟರ್, ‘ಪರ್ಮನೆಂಟ್ ನೌಕರಿ ನೋಡಪಾ’ ಎಂದು ಮೆತ್ತಗೆ ಶುರುಮಾಡಿ ‘ಇಲ್ಲಾಂದ್ರ ಮನಿ ಬಿಟ್ಟ ನಡಿ’ ಎಂದು ಮುಗಿಸುವ ನಮ್ಮಪ್ಪ, ಯಾರೂ ನನ್ನಿಂದ ಪಾರಾಗಿಲ್ಲ. ಒಮ್ಮೆ ತಂಗಿ ಕೇಳಿದಳು: “ಎಲ್ಲಾರ್ನೂ ಮಾಡತಿ. ನಿನ್ನಽ ಒಂದು ಸಲ ಮಾಡಿ ತೋರಸು.” ಅರ್ಧ ತಾಸು ಒದ್ದಾಡಿದೆ. ಕೊನೆಗೆ ಬಂದದ್ದು ಕಂಡಕ್ಟರನ ದನಿ.

ಈ ವಿದ್ಯೆಗೆ ವರ್ಷಕ್ಕೊಮ್ಮೆ ಮರ್ಯಾದೆ ಸಿಗುವುದು ನಮ್ಮ ಕಡೆಯವರು ಕೂಡಿಸುವ ಗಣಪತಿಯ ಮುಂದೆ. ಗಣಪತಿ ಕಳಿಸುವ ದಿನ ದೇವರ ಮುಂದಿಟ್ಟ ತೆಂಗಿನಕಾಯಿ, ಕಬ್ಬು, ಹಣ್ಣಿನ ಹಾರಗಳನ್ನು ಸವಾಲಿಗೆ ಇಡುತ್ತಾರೆ. ಒಬ್ಬ ಕೂಗಬೇಕು, ಉಳಿದವರು ಏರಿಸಬೇಕು. ಎಲ್ಲರಿಗಿಂತ ಹೆಚ್ಚು ಕೂಗಿದವನಿಗೆ ಕಾಯಿ. ಹಣವನ್ನು ಮುಂದಿನ ಗಣಪತಿಯೊಳಗೆ ಕೊಟ್ಟರಾಯಿತು. ಆದ್ದರಿಂದ ಕೂಗುವಾಗ ಎಲ್ಲರೂ ರಾಜರೇ. ಆ ವರ್ಷ ಸವಾಲು ಕೂಗುವವನು ನಾನು. ಮುಖ್ಯ ಕಾಯಿ ಮುನ್ನೂರಾ ಒಂದಕ್ಕೆ ಬಂದು ನಿಂತುಬಿಟ್ಟಿತು. ಕೆಮ್ಮು ಬಂದವನಂತೆ ಟವೆಲ್ಲನ್ನು ಬಾಯಿಗೆ ಹಿಡಿದು, ನಮ್ಮೂರ ಕಡೆಯ ಒಬ್ಬ ಗುತ್ತಿಗೆದಾರರ ದನಿಯನ್ನು ಕಂಬದ ಹಿಂದಕ್ಕೆ ಎಸೆದೆ: “ಐದನೂರಾ ಒಂದು!” ಆ ಗುತ್ತಿಗೆದಾರರು ಆ ಹೊತ್ತಿಗೆ ಹೊರಗೆ ಪ್ರಸಾದದ ಸಾಲಿನಲ್ಲಿದ್ದರು. ಅವರೆಂದರೆ ಆಗದ ಇನ್ನೊಬ್ಬರು ಮುಂದಿನ ಸಾಲಿನಿಂದ ಎದ್ದರು. ಕಾಯಿ ಎರಡು ಸಾವಿರದ ನೂರಾ ಒಂದಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ದೊಡ್ಡವ್ವ ಮಾತ್ರ ಹತ್ತಿರ ಬಂದು ನನ್ನ ಕಿವಿ ಹಿಡಿದಳು.

“ಲೇ ಮಂಗ್ಯಾ, ಆ ಕಂಬದ ಹಿಂದ ನಾನಽ ಕುಂತಿದ್ದೆ. ಅಲ್ಲಿ ನನ್ನ ಬಿಟ್ರ ಯಾರೂ ಇರಲಿಲ್ಲ.”

“ದೇವರ ಕೆಲಸ, ದೊಡ್ಡವ್ವಾ.”

“ದೇವರು ಕಾಯಿ ಕೇಳ್ಯಾನ. ಸುಳ್ಳ ಕೇಳಿಲ್ಲ.”

ಇದನ್ನು ಗಮನಿಸಿದವನು ಇನ್ನೊಬ್ಬನೂ ಇದ್ದ. ಬೆಳಗಾವಿ ಕಡೆಯ, ಜಾಗ ಮಾರಿಸುವ ಏಜೆಂಟ. ಬಿಳಿ ಅಂಗಿ, ತಲೆಯ ಮೇಲೆ ಏರಿಸಿದ ಕಪ್ಪು ಕನ್ನಡಕ. ನಕ್ಕರೂ ಅಷ್ಟೇ, ಸಿಟ್ಟಾದರೂ ಅಷ್ಟೇ, ಒಂದೇ ಮುಖ. ನನ್ನ ಹೆಗಲ ಮೇಲೆ ಕೈಹಾಕಿ ಹೇಳಿದ: “ಮಿತ್ರಾ, ಇಲ್ಲಿ ಕಾಯಿ ಮಾರಿದಿ. ಬಾ, ಗುಡ್ಡಾ ಮಾರೂಣು.”

ಕೆಲಸ ಸುಲಭವಿತ್ತು. ಭಾನುವಾರ ಅವನು ಗಿರಾಕಿಗಳನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದ. ಕೆಂಪು ಕಲ್ಲಿನ ಮೈಮೇಲೆ ಸುಣ್ಣದ ಗೆರೆ ಎಳೆದು ನಂಬರು ಹಚ್ಚಿದ ಪ್ಲಾಟುಗಳು, ಅಂಚಿಗೆ ನಾಲ್ಕು ಗೇರುಮರ. ನಾನು ಕೆಳಗೆ ಅವನ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂರಬೇಕು. ಅವನಿಂದ ಮಿಸ್ ಕಾಲ್ ಬಂದರೆ ತಿರುಗಿ ಫೋನ್ ಮಾಡಬೇಕು. ಅವನು ಗಿರಾಕಿಗಳ ಎದುರು, “ಒಂದ ಮಿನಿಟ್ರಿ, ದಿಲ್ಲಿ ಪಾರ್ಟಿ ಬಿಡವಲ್ದು” ಎಂದು ಬೇಸರ ನಟಿಸಿ ಸ್ಪೀಕರಿಗೆ ಹಾಕುತ್ತಿದ್ದ. ಆಮೇಲೆ ನಾನು. ಒಂದು ವಾರ ಎಲ್ಲದಕ್ಕೂ ‘ಫೈನಲ್ ಕರೋ’ ಅನ್ನುವ ದಿಲ್ಲಿ ಸಾಹೇಬ. ಇನ್ನೊಂದು ವಾರ ಮುಂಬೈಯ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ. ಮತ್ತೊಮ್ಮೆ ‘ನಾ ನೋಡೂದೂ ಇಲ್ಲ, ಬರದಬಿಡ್ರಿ’ ಅನ್ನುವ ಹುಬ್ಬಳ್ಳಿಯ ಅರಿವೆ ವ್ಯಾಪಾರಿ. ವಾರಕ್ಕೆ ಐದುನೂರರಂತೆ ದರ ಏರಿಸಿದೆ. ನನಗೆ ಸಿಗುತ್ತಿದ್ದದ್ದು ಐದುನೂರು ರೂಪಾಯಿ ಮತ್ತು ಸಾಂಖಳಿಯಲ್ಲಿ ಊಟ. ಊಟದಲ್ಲಿ ಏನಿರುತ್ತಿತ್ತು ಎಂದು ಬರೆಯುವುದಿಲ್ಲ; ಇದನ್ನು ನಮ್ಮವ್ವ ಓದುತ್ತಾಳೆ.

ಮೊದಲ ಭಾನುವಾರ ಬಂದವರು ಕಾರವಾರದ ಕಡೆಯ ಬ್ಯಾಂಕ್ ಗುಮಾಸ್ತರು ಮತ್ತು ಅವರ ಹೆಂಡತಿ. ದಿಲ್ಲಿ ಸಾಹೇಬ ಎರಡು ಮಾತಾಡಿ ಮುಗಿಸುವುದರೊಳಗೆ ಟೋಕನ್ ಹಣ ಕೊಟ್ಟರು. ಆಕೆ ಪ್ಲಾಟಿನಿಂದ ಆರಿಸಿದ ಒಂದು ಕೆಂಪು ಕಲ್ಲಿನ ಚೂರನ್ನು ಕೆಳಗೆ ಇಳಿದು ಬಂದಾಗ ಕರವಸ್ತ್ರದಲ್ಲಿ ಕಟ್ಟಿಕೊಂಡದ್ದನ್ನು ಕಾರಿನ ಗಾಜಿನೊಳಗಿಂದ ನೋಡಿದೆ. ಆಗ ನಗು ಬಂದಿತ್ತು. ಈಗ ಪಣಜಿಯ ಮಾರ್ಕೆಟ್ಟಿನಲ್ಲಿ ಅವರನ್ನು ಕಂಡರೆ ನಾನು ಮೀನಿನ ಸಾಲಿಗೆ ತಿರುಗಿಬಿಡುತ್ತೇನೆ. ಅವರು ಆ ಕಡೆ ಬರುವವರಲ್ಲ.

ಏಳೆಂಟು ಭಾನುವಾರ ಕಳೆದಿರಬೇಕು. ಅಂಗಡಿಯಲ್ಲಿ ಒಬ್ಬ ಗಿರಾಕಿಯ ಫೋನಿಗೆ ಗಾಜು ಅಂಟಿಸಿ, ಒಳಗೆ ಉಳಿದ ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಅವನು ಪಕ್ಕದವನಿಗೆ ಹೇಳಿದ: “ಸಾಂಖಳಿ ಕಡೆ ಹನ್ನೊಂದು ಸಾವಿರ ಆಗೇತಂತ. ದಿಲ್ಲಿಯವರು ಮುಗಿಬಿದ್ದಾರ.”

ಮುಗಿಬಿದ್ದ ದಿಲ್ಲಿಯವರು ಅವನ ಮುಂದೆಯೇ ನಿಂತು ಗುಳ್ಳೆ ಒತ್ತುತ್ತಿದ್ದರು. ನನಗೆ ನಗು ಬರಬೇಕಿತ್ತು. ಬಂದದ್ದು ಹೆದರಿಕೆ. ನನ್ನ ಬಾಯಿಂದ ಹೋದ ಮಾತು ಎಲ್ಲೆಲ್ಲೋ ತಿರುಗಿ, ನನ್ನ ಪರಿಚಯವೇ ಇಲ್ಲದ ಹಾಗೆ ಎದುರು ಬಂದು ನಿಂತಿತ್ತು. ಮೈತುಂಬಿಕೊಂಡಿತ್ತು, ಮೀಸೆ ಬಂದಿತ್ತು. ಸಂಜೆ ಏಜೆಂಟನಿಗೆ ಫೋನ್ ಮಾಡಿ ಕೇಳಿದೆ: “ಹನ್ನೊಂದು ಅಂಬೂದು ಖರೇನಽ ಏನು?”

“ನೀ ಹೇಳಿದಾಗ ಸುಳ್ಳಿತ್ತು. ನಾಲ್ಕು ಮಂದಿ ರೊಕ್ಕಾ ಕೊಟ್ಟ ಮ್ಯಾಲೆ ಖರೇ ಆತಲ್ಲ?”

ಫೋನ್ ಇಟ್ಟು ಲೆಕ್ಕ ಹಾಕುತ್ತ ಕೂತೆ. ಸುಳ್ಳು ಹೇಳಿದವನು ನಾನು, ಆದರೆ ಹೇಳಿದ್ದು ಸುಳ್ಳಾಗಿ ಉಳಿದಿರಲಿಲ್ಲ. ಹಾಗಾದರೆ ಏಳಿದ್ದಾಗ ಕೊಂಡವರು ಜಾಣರು. ಹಾಗಾದರೆ ಎಲ್ಲರಿಗಿಂತ ಮೊದಲು ಗೊತ್ತಿದ್ದೂ ಕೊಳ್ಳದ ನಾನು ದಡ್ಡ. ಮೂರು ದಿನ ಇದೇ ವಿಚಾರ. ಗುಡ್ಡದ ಕಾಲಬುಡದಲ್ಲಿ ಕಾರಿನೊಳಗೆ ಕೂತು, ಎಲ್ಲರನ್ನೂ ಮೇಲೆ ಹತ್ತಿಸಿ, ನಾನೊಬ್ಬನೇ ಕೆಳಗೆ ಉಳಿದುಬಿಟ್ಟೆ ಅನ್ನಿಸಿತು. ನನ್ನ ಹತ್ತಿರ ಪ್ಲಾಟು ಕೊಳ್ಳುವಷ್ಟು ಹಣವಿರಲಿಲ್ಲ. ದೊಡ್ಡವ್ವನ ಹತ್ತಿರ ಖೋಲಿಗಳಿದ್ದವು.

ದೊಡ್ಡವ್ವ ನಮ್ಮವ್ವನ ಅಕ್ಕ. ಪಣಜಿ ಹತ್ತಿರದ ಚಿಂಬಲ್ಲಿನಲ್ಲಿ ಅವಳದೊಂದು ಸಾಲು ಮನೆ, ಐದು ಬಾಗಿಲು. ಮೊದಲನೆಯದರಲ್ಲಿ ಅವಳು, ಉಳಿದ ನಾಲ್ಕರಲ್ಲಿ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ದೊಡ್ಡಪ್ಪ ಗೌಂಡಿ ಕೆಲಸ ಮಾಡುತ್ತಿದ್ದರು. ಆರು ದಿನ ಬೇರೆಯವರ ಗೋಡೆ ಕಟ್ಟಿ, ಏಳನೆಯ ದಿನ ತಮ್ಮದನ್ನು ಕಟ್ಟಿದರು. ದೊಡ್ಡವ್ವ ಕಡಲ ದಂಡೆಯಲ್ಲಿ ಹತ್ತು ವರ್ಷ ಮಣಿಸರ ಮಾರಿದಳು. ದೇಶ ಯಾವುದೇ ಇರಲಿ, ಗಿರಾಕಿ ಬೆನ್ನು ತಿರುಗಿಸಿದ ಮೇಲೆ ಎಷ್ಟು ಹೆಜ್ಜೆಗೆ ತಿರುಗಿ ಬರುತ್ತಾನೆಂದು ಅವಳಿಗೆ ಗೊತ್ತು. ದೊಡ್ಡಪ್ಪ ಮೂರು ವರ್ಷದ ಹಿಂದೆ ತೀರಿಕೊಂಡರು. ಅವರಿದ್ದಾಗ ನಾನು ಅವರ ದನಿ ತೆಗೆದರೆ ಎಲ್ಲರಿಗಿಂತ ಜೋರಾಗಿ ಅವರೇ ನಗುತ್ತಿದ್ದರು. ಹೋದ ಮೇಲೆ ಆ ದನಿಯನ್ನು ನಾನು ಮುಟ್ಟಿರಲಿಲ್ಲ.

ಖೋಲಿಗೆ ನಾಲ್ಕು ಸಾವಿರ, ಪ್ರತಿ ತಿಂಗಳು ಐದನೇ ತಾರೀಖು. ಮಳೆಗಾಲಕ್ಕೆ ಮಾತ್ರ ಬೇರೆ ಪದ್ಧತಿ. ಮಳೆ ಹಿಡಿದು ಕಟ್ಟಡದ ಕೆಲಸ ನಿಂತಾಗ ಬಾಡಿಗೆಯವರು ಬಾಗಿಲಿಗೆ ಕೀಲಿ ಹಾಕಿ ಬಿತ್ತಲು ಊರಿಗೆ ಹೋಗುತ್ತಾರೆ. ಆ ತಿಂಗಳುಗಳಿಗೆ ಅರ್ಧ ಬಾಡಿಗೆ. ದೊಡ್ಡವ್ವ ಖೋಲಿಯನ್ನು ಬೇರೆಯವರಿಗೆ ಕೊಡುವುದಿಲ್ಲ, ಅವರು ಬೇರೆ ಖೋಲಿ ಹುಡುಕುವುದಿಲ್ಲ. ಯಾವ ಕಾಗದದಲ್ಲೂ ಇದು ಬರೆದಿಲ್ಲ. ದೊಡ್ಡಪ್ಪ ಶುರುಮಾಡಿದ್ದು, ನಡೆದುಕೊಂಡು ಬಂದಿದೆ. ನಾನು ಇದನ್ನು ಆಡಿಕೊಂಡು ನಗುತ್ತಿದ್ದೆ: “ಅರ್ಧಾ ಬಾಡಿಗಿಗೆ ಅರ್ಧಾ ಬಾಗಲಾ ತಗೀತಿ ಏನು ದೊಡ್ಡವ್ವಾ?”

ಏಜೆಂಟನಿಗೆ ಖೋಲಿಗಳ ವಿಷಯ ಹೇಳಿದೆ. ಎರಡೇ ದಿನದಲ್ಲಿ ಗಿರಾಕಿ ಇದ್ದಾನೆ ಅಂದ. ದೊಡ್ಡವ್ವ ಇರುವ ಖೋಲಿ ಬಿಟ್ಟು ಉಳಿದ ನಾಲ್ಕಕ್ಕೆ ಇಪ್ಪತ್ತೆರಡು ಲಕ್ಷ. ಗುಡ್ಡದ ಹದಿನೇಳನೇ ನಂಬರಿನ ಪ್ಲಾಟು ಇನ್ನೂರು ಚದರ ಮೀಟರು. ಹನ್ನೊಂದು ಸಾವಿರದಂತೆ ಇಪ್ಪತ್ತೆರಡು ಲಕ್ಷ. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿದ್ದು ನೋಡಿ ಇದು ದೇವರ ಇಚ್ಛೆ ಅಂದುಕೊಂಡೆ. ಏಜೆಂಟನ ಇಚ್ಛೆ ಇರಬಹುದೆಂದು ಹೊಳೆಯಲಿಲ್ಲ.

ದೊಡ್ಡವ್ವನ ಮುಂದೆ ಕೂತು ಹೇಳಿದೆ: “ತಿಂಗಳಿಗೆ ಹದಿನಾರು ಸಾವಿರ. ಅದರಾಗ ತಗಡ ಹಾರಿದ್ರ ನೀ ನೋಡಬೇಕು, ನಳಾ ಕೆಟ್ರ ನೀ ನೋಡಬೇಕು. ಅಲ್ಲಿ ಹಂಗಲ್ಲ. ಸುಮ್ಮನ ಕುಂತರೂ ಎರಡು ವರ್ಷಕ್ಕ ದುಪ್ಪಟ್ಟು.”

“ಎರಡು ವರ್ಷ ಏನ ತಿನ್ನಲಿ?”

“ನಾ ಇದ್ದೇನಲ್ಲ.”

“ನೀ ಇದ್ದಿ. ಅದಕ್ಕಽ ಕೇಳಾಕತ್ತೇನಿ.”

ಆದರೂ ಅವಳು ಸೋಲತೊಡಗಿದ್ದಳು. ಮೊಣಕಾಲು ನೋವು. ಆ ವಾರವೇ ಎರಡನೇ ಖೋಲಿಗೂ ನಾಲ್ಕನೆಯದಕ್ಕೂ ನಳದ ಮುಂದೆ ಕೊಡಗಳ ಜಗಳವಾಗಿ, ಬಿಡಿಸಲು ಹೋದ ಇವಳ ಸೀರೆ ತೊಯ್ದಿತ್ತು. ಮೊಣಕಾಲು ನೀವಿಕೊಳ್ಳುತ್ತ ಅಂದಳು: “ಆತು ನಡಿ, ನೋಡೂಣು. ನೀ ಪ್ಯಾಟಿಯಾಗ ಇರಾಂವ, ನಾಲ್ಕು ಮಂದಿ ಮಾತು ನಿನ್ನ ಕಿವಿಗೆ ಬೀಳತಾವ.”

ಆ ನಾಲ್ಕು ಮಂದಿಯೂ ನಾನೇ ಎಂದು ಹೇಳಬೇಕಿತ್ತು. ಬಾಯಿಗೆ ಬಂತು. ಆದರೆ ಯಾರ ದನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ.

ಮುಂದಿನ ಭಾನುವಾರ ದೊಡ್ಡವ್ವ ಹೊಸ ಸೀರೆ ಉಟ್ಟು, ಅರಿವೆಯಲ್ಲಿ ರೊಟ್ಟಿ ಚಟ್ನಿ ಕಟ್ಟಿಕೊಂಡು ಏಜೆಂಟನ ಕಾರು ಹತ್ತಿದಳು. ಸೊಂಟದ ಚೀಲದಲ್ಲಿ ಪ್ಲಾಟಿನ ಮುಂಗಡ ಸಂಚಕಾರಕ್ಕೆಂದು ಇಪ್ಪತ್ತೈದು ಸಾವಿರ. ಅದನ್ನು ಕೊಟ್ಟರೆ ಮರುದಿನವೇ ಖೋಲಿಗಳನ್ನು ಮಾರುವ ಕಾಗದ. ಮೂರನೇ ಖೋಲಿಯ ಗೌಂಡಿಯನ್ನೂ ಕರೆದುಕೊಂಡಳು, ನೆಲದ ಗುಣ ನೋಡಲು. ಅವನು ದೊಡ್ಡಪ್ಪನ ಕೈಕೆಳಗೆ ಕೆಲಸ ಕಲಿತವನು, ಮಾತು ಕಡಿಮೆ.

ಗುಡ್ಡದ ಮೇಲೆ, ಹದಿನೇಳನೇ ನಂಬರಿನ ಸುಣ್ಣದ ಗೆರೆ ದಾಟುವ ಮೊದಲು ದೊಡ್ಡವ್ವ ಚಪ್ಪಲಿ ಬಿಟ್ಟಳು.

“ಕಲ್ಲು ಚುಚ್ಚತಾವ ದೊಡ್ಡವ್ವಾ, ಹಾಕ್ಕೋ.”

“ಮನಿ ಆಗೂ ಜಾಗಾ ಅಂದಿ?”

ಏಜೆಂಟ ಕೈ ಬೀಸಿ ತೋರಿಸತೊಡಗಿದ. “ಮಾವಶಿ, ಇಲ್ಲಿ ರಸ್ತಾ ಬರತೈತಿ. ಅಲ್ಲಿ ಗಾರ್ಡನ್. ನಾಳೆ ಝೋನ್ ಬದಲಾದ್ರ ಮನಿ ಕಟ್ಟಾಕ ಪರವಾನಗಿನೂ ಬರತೈತಿ.”

“ಈಗ ಏನೈತ್ರಿ?”

“ಈಗ ವ್ಯೂ ಐತಿ.”

ದೊಡ್ಡವ್ವ ವ್ಯೂ ನೋಡಿದಳು. ದೂರದಲ್ಲಿ ಇನ್ನೊಂದು ಬೋಳು ಗುಡ್ಡ ಇತ್ತು. “ಛಲೋ ಐತಿ. ಇದು ತಿಂಗಳಿಗೆ ಏನ ಕೊಡತೈತಿ?”

“ಮಾವಶಿ, ಪ್ಲಾಟು ಕೊಡಂಗಿಲ್ಲ. ಬೆಳಿತೈತಿ.”

“ಬೆಳಿಯೂತನಕಾ?”

“ಸುಮ್ಮನ ಇರೂದು.”

“ನಾ ಇರತೇನ್ರಿ. ಹೊಟ್ಟಿ ಇರಬೇಕಲ್ಲ.”

ಗೌಂಡಿ ಒಂದು ಕಲ್ಲೆತ್ತಿ ನೆಲಕ್ಕೆ ಎರಡು ಸಲ ಬಡಿದ, ಕಿವಿಗೊಟ್ಟು ಕೇಳಿದ. “ಕಲ್ಲು ಭಾಳ ಛಲೋ ಐತ್ರಿ ಅವ್ವಾರ. ಬಾಂವಿ ತಗದ್ರ ನನ್ನ ಮೊಮ್ಮಕ್ಕಳ ಕಾಲಕ್ಕ ನೀರ ಹತ್ತಬಹುದು.”

ಏಜೆಂಟನ ಮುಖ ಬದಲಾಗಲಿಲ್ಲ. ಬದಲಾಗದ ಮುಖದಿಂದಲೇ ಅವನು ಜೇಬಿನಲ್ಲಿ ಕೈ ಆಡಿಸಿದ. ಒಂದು ನಿಮಿಷದೊಳಗೆ ಅವನ ಫೋನು ಬಡಿದುಕೊಂಡಿತು. “ಒಂದ ಮಿನಿಟ್ರಿ. ದಿಲ್ಲಿ ಪಾರ್ಟಿ ಬಿಡವಲ್ದು,” ಎಂದು ಸ್ಪೀಕರಿಗೆ ಹಾಕಿದ.

ಹದಿನೇಳನೇ ನಂಬರು ಬೇರೆ ಯಾರಿಗೂ ತೋರಿಸಬೇಡ, ಹನ್ನೆರಡು ಕೊಡುತ್ತೇನೆ, ಫೈನಲ್ ಕರೋ, ಎಂದು ಒಬ್ಬ ದಿಲ್ಲಿ ಸಾಹೇಬ ಹಿಂದಿಯಲ್ಲಿ ಗದರಿಸಿದ. ಗುಡ್ಡಕ್ಕೆಲ್ಲ ಕೇಳಿಸಿತು.

ದೊಡ್ಡವ್ವ ಫೋನಿನ ಕಡೆ ನೋಡಲಿಲ್ಲ. ನನ್ನ ಬಾಯಿಯನ್ನು ನೋಡಿದಳು. ಬಾಯಿ ಮುಚ್ಚಿತ್ತು.

ಆ ಕ್ಷಣ ನನ್ನ ತಲೆಯಲ್ಲಿ ಏನಾಯಿತೆಂದು ಹೇಗೆ ಹೇಳಲಿ! ಅದು ನನ್ನ ಸಾಹೇಬನಲ್ಲ. ಆದರೆ ನನ್ನ ಸಾಹೇಬನ ಮಾತೇ. ‘ಫೈನಲ್’ ಅನ್ನುವಾಗ ನಾನು ಫಕಾರಕ್ಕೆ ಕೊಡುತ್ತಿದ್ದ ಗುದ್ದೂ ಅಲ್ಲಿತ್ತು. ಯಾರೋ ನನ್ನ ಅಣಕವನ್ನು ಅಣಕಿಸುತ್ತಿದ್ದಾನೆಯೇ? ಅಥವಾ ನಾನು ಇಷ್ಟು ದಿನ ಅಣಕಿಸಿದ ಮನುಷ್ಯ ಎಲ್ಲೋ ನಿಜವಾಗಿಯೂ ಇದ್ದು, ಈಗ ಫೋನ್ ಮಾಡಿದ್ದಾನೆಯೇ? ಒಂದು ಮಾತು ಮಾತ್ರ ಖಂಡಿತ: ಅವನು ನನಗಿಂತ ಚೆನ್ನಾಗಿ ಮಾಡಿದ. ಹೊಟ್ಟೆಕಿಚ್ಚಾಯಿತು. ಅದರ ಹಿಂದೆಯೇ ಹನ್ನೆರಡು ಎಂಬ ಸಂಖ್ಯೆ ಬಂದು ಎದೆಗೆ ಹೊಡೆಯಿತು. ನಾನು ಹನ್ನೆರಡು ಅಂದಿರಲಿಲ್ಲ. ನಾನು ಹೇಳದೆಯೂ ದರ ಏರಿತ್ತು!

“ಕೊಡು ದೊಡ್ಡವ್ವಾ,” ಎಂದೆ. “ಈಗಽ ಕೊಡು. ಸಂಜಿಗೆ ಉಳಿಯಂಗಿಲ್ಲ.”

ಅವಳ ಕೈ ಸೊಂಟದ ಚೀಲಕ್ಕೆ ಹೋಯಿತು. ದಾರ ಬಿಚ್ಚಿತು. ಅಲ್ಲಿ ನಿಂತಿತು. ಆಮೇಲೆ ಇನ್ನೊಂದು ಕೈ ಚಾಚಿ ಏಜೆಂಟನ ಫೋನನ್ನು ತೆಗೆದುಕೊಂಡಳು. ಅವನು ಕೊಡುವ ಮೊದಲೇ ಅದು ಅವಳ ಕೈಯಲ್ಲಿತ್ತು. ದಂಡೆಯಲ್ಲಿ ಕಲಿತ ಹಿಂದಿ ಹೊರಟಿತು.

“ಸಾಬ್, ನಮಸ್ಕಾರ್. ಯೇ ಪ್ಲಾಟ್ ಮೈ ಗ್ಯಾರಾ ಮೇ ಲೇತಿ. ತುಮ್ ಕೋ ಬಾರಾ ಮೇ ದೇತಿ. ಆಜೀಚ್. ತುಮ್ ಅಬ್ಬೀ ಏಜೆಂಟ್ ಕೋ ಪೈಸಾ ಭೇಜೋ, ಮೈ ಇಧರೀಚ್ ಖಡೀ ಹೈ.”

ಹನ್ನೊಂದಕ್ಕೆ ನಾನು ಕೊಳ್ಳುತ್ತೇನೆ, ಹನ್ನೆರಡಕ್ಕೆ ನಿನಗೇ ಮಾರುತ್ತೇನೆ, ಇವತ್ತೇ, ಇಲ್ಲೇ. ಇಷ್ಟು ಸರಳ ವ್ಯಾಪಾರವನ್ನು ಆ ಗುಡ್ಡ ಎಂದೂ ಕಂಡಿರಲಿಕ್ಕಿಲ್ಲ. ಫೋನಿನಲ್ಲಿ ಉಸಿರು ಕೇಳಿಸಿತು. ಏನೋ ಹೇಳಲು ಹೊರಟು ಗಂಟಲು ಸರಿಮಾಡಿಕೊಂಡ ಸದ್ದು. ಫೋನು ಕಟ್ಟಾಯಿತು.

“ಇಲ್ಲಿ ರೇಂಜ್ ಇಲ್ಲ ಮಾವಶಿ,” ಅಂದ ಏಜೆಂಟ.

“ಈಗಷ್ಟಽ ಇತ್ತಲ್ರಿ. ಬರಲಿ ಬಿಡ್ರಿ, ಕಾಯತೇನಿ. ಎರಡು ಲಕ್ಷ ಬರೂ ಯಾಪಾರ, ಅರ್ಧಾ ತಾಸು ಕಾಯಾಕ ಏನ ಧಾಡಿ?”

ಗೇರುಮರದ ನೆರಳಿಗೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಗೌಂಡಿಗೆ ಎರಡು, ನನಗೆ ಎರಡು. ಏಜೆಂಟನಿಗೂ ಒಂದು ಕೊಟ್ಟಳು, ಅವನು ತಿಂದ. ನಾಲ್ವರೂ ಆ ಫೋನನ್ನು ನೋಡುತ್ತ ರೊಟ್ಟಿ ಅಗಿದೆವು. ನಾನು ಮನಸ್ಸಿನಲ್ಲೇ, ಬಾರಪ್ಪಾ, ಫೋನ್ ಮಾಡಪ್ಪಾ ಎಂದು ದಿಲ್ಲಿಯವನಿಗೆ ಕೈಮುಗಿಯುತ್ತಿದ್ದೆ. ಫೋನು ಬರಲಿಲ್ಲ. ಕೊನೆಗೆ ಏಜೆಂಟ ತನಗೆ ಬೇರೆ ಪಾರ್ಟಿ ಕಾಯುತ್ತಿದೆ ಎಂದು ಎದ್ದ. ಅವನ ಹಿಂದೆಯೇ ಕಾರಿನ ತನಕ ಓಡಿದೆ.

“ಅಂವ ಯಾರು? ಖರೇ ಹೇಳು.”

“ಖರೇನಽ ದಿಲ್ಲಿ ಪಾರ್ಟಿ, ಮಿತ್ರಾ,” ಅಂದ. ಬಾಗಿಲು ಹಾಕಿಕೊಂಡು, ಗಾಜು ಏರಿಸುವ ಮೊದಲು ಸೇರಿಸಿದ: “ನೀ ಒಬ್ಬನಽ ಕಲಾವಿದ ಅಂತ ತಿಳದಿ ಏನು?”

ಎರಡು ಮಾತಿನಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಆ ಗುಡ್ಡದಲ್ಲಿ ಈಗ ದರ ಇನ್ನೂ ಏರಿದೆ ಎಂದು ಮೊನ್ನೆ ಕೂಡ ಯಾರೋ ಹೇಳಿದರು. ಇರಬಹುದು. ಆ ಇನ್ನೊಬ್ಬ ಕಲಾವಿದ ಇನ್ನೂ ಕೆಲಸದಲ್ಲಿರಬಹುದು. ಅಥವಾ ದಿಲ್ಲಿ ಎಂಬ ಊರಿನಿಂದ ಜನ ನಿಜಕ್ಕೂ ಬರುತ್ತಿರಬಹುದು.

ಕಾರು ಹೋದದ್ದರಿಂದ ಸಾಂಖಳಿಯ ತನಕ ನಡೆದು ಬಸ್ಸು ಹಿಡಿದೆವು. ಸೀಟಿನಲ್ಲಿ ಕೂತ ಮೇಲೆ ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದೆ: ಕಾರು, ಮಿಸ್ ಕಾಲ್, ಡಾಕ್ಟರ್ ಬಾಯಿ, ಕರವಸ್ತ್ರದ ಕಲ್ಲು. ಅವಳು ಬೈಯಲಿಲ್ಲ.

“ಗಣಪತಿ ಮುಂದ ನೋಡೇನಲ್ಲ ನಿನ್ನ ಆಟಾ. ಅದಕ್ಕಽ ನಿನ್ನ ಬಾಯಿ ನೋಡಿದೆ. ಮುಚ್ಚಿತ್ತು. ಅದಕ್ಕಽ ಚೀಲಕ್ಕ ಕೈ ಹೋತು.”

ಗೌಂಡಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಾಯಿ ಬಿಟ್ಟ. “ಅವ್ವಾರ, ಒಂದ ಮಾತು. ಖೋಲಿ ಕೊಟ್ರ ಹೊಸಾ ಮಾಲಕರು ಮಳಿಗಾಲದಾಗ ಅರ್ಧಾ ಬಾಡಿಗಿ ತಗೋತಾರೇನ್ರಿ?”

ದೊಡ್ಡವ್ವ ಅವನ ಕಡೆ ಒಮ್ಮೆ ತಿರುಗಿ ನೋಡಿದಳು. ಚಿಂಬಲ್ಲು ಬರುವ ತನಕ ಮೊಣಕಾಲು ನೀವುತ್ತಿದ್ದಳು.

ಇಲ್ಲಿಗೆ ನನಗೆ ಬುದ್ಧಿ ಬರಬೇಕಿತ್ತು. ಬಂದಿತು ಎಂದು ಬರೆದರೆ ನೀವು ನಂಬಬಹುದು, ದೊಡ್ಡವ್ವ ನಂಬುವುದಿಲ್ಲ. ಮನೆ ಮುಟ್ಟಿ ಅವಳು ಚಹಾಕ್ಕೆ ನೀರಿಟ್ಟಿದ್ದಳು. ಅಷ್ಟರಲ್ಲಿ ಏಜೆಂಟನ ಫೋನು ಬಂತು: ಪ್ಲಾಟು ಬಿಡಿ, ಖೋಲಿಗಳ ಗಿರಾಕಿ ಈಗ ಇಪ್ಪತ್ತನಾಲ್ಕು ಲಕ್ಷಕ್ಕೆ ಬಂದಿದ್ದಾನೆ, ರಾತ್ರಿಯೊಳಗೆ ಹೌದು ಇಲ್ಲ ಹೇಳಿ. ಈ ಗಿರಾಕಿಯಾದರೂ ಮನುಷ್ಯನೋ ಬರೀ ದನಿಯೋ, ನನಗೆ ಗೊತ್ತಿಲ್ಲ. ಆದರೆ ಬೆಳಿಗ್ಗೆ ಇಪ್ಪತ್ತೆರಡಿದ್ದದ್ದು ಸಂಜೆಗೆ ಇಪ್ಪತ್ತನಾಲ್ಕು ಎಂದು ಕೇಳಿದ್ದೇ ತಡ, ನನ್ನ ಕಾಲು ಮತ್ತೆ ನೆಲ ಬಿಟ್ಟಿತು.

“ದೊಡ್ಡವ್ವಾ, ಗುಡ್ಡಾ ಬ್ಯಾಡ, ಬಿಡು. ಖೋಲಿ ಮಾರಿ ಬ್ಯಾಂಕಿನ್ಯಾಗ ಇಡೂಣು. ಮುಂದ ಇಳದ್ರ ಏನ ಮಾಡತಿ? ಇಂಥಾ ದರ ಮತ್ತ ಬರೂದಿಲ್ಲ.”

ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಚಹಾಪುಡಿಯ ಡಬ್ಬಿ ತೆಗೆದಳು. ಹೊರಗೆ ನಳದ ಹತ್ತಿರ ಗೌಂಡಿ ಕೊಡ ತುಂಬಿಸುತ್ತಿದ್ದ. ಅವನ ಕಿವಿಯೆಲ್ಲ ಇತ್ತ ಕಡೆಯೇ ಇತ್ತು. ಇನ್ನೇನು ಹೇಳಿದರೆ ಇವಳು ಕೇಳುತ್ತಾಳೆ ಎಂದು ಯೋಚಿಸಿದೆ. ನನ್ನ ಮಾತಿಗೆ ತೂಕವಿಲ್ಲ, ಏಜೆಂಟನ ಮಾತಿಗೆ ಇಲ್ಲ, ದಿಲ್ಲಿಯವನದು ಹೋಯಿತು. ಉಳಿದದ್ದು ಒಬ್ಬರೇ.

ಯೋಚಿಸಿ ಮಾಡಿದೆನೋ, ಬಾಯಿ ತಾನಾಗಿ ಮಾಡಿತೋ, ಅದೂ ಗೊತ್ತಿಲ್ಲ. ಎದ್ದು ಹೋಗಿ ಹೊಸ್ತಿಲ ಮೇಲೆ ನಿಂತೆ. ದೊಡ್ಡಪ್ಪ ಕೆಲಸ ಮುಗಿಸಿ ಬಂದಾಗ ಸಿಮೆಂಟಿನ ಧೂಳಿಗೆ ಎರಡು ಸಲ ಕೆಮ್ಮುತ್ತಿದ್ದರು, ಒಂದು ಸಣ್ಣದು, ಒಂದು ದೊಡ್ಡದು. ಎರಡನ್ನೂ ಕೆಮ್ಮಿದೆ. ಆಮೇಲೆ ಆ ಒಡಕು ದನಿಯಲ್ಲಿ ಹೇಳಿದೆ: “ಕೇಳಿದೇನ? ಹುಡುಗ ಹೇಳೂದು ಬರೋಬ್ಬರಿ ಐತಿ. ಮಾರಿಬಿಡು.”

ನಳದ ಹತ್ತಿರ ಕೊಡ ತುಂಬಿ ಚೆಲ್ಲತೊಡಗಿತು. ಗೌಂಡಿ ಬಾಗಿದವನು ಬಾಗಿದಂತೆಯೇ ಇದ್ದ. ಒಲೆಯ ಮೇಲೆ ಚಹಾ ಉಕ್ಕಿ ಬಂತು. ದೊಡ್ಡವ್ವ ಉರಿ ಆರಿಸಿದಳು. ಸೆರಗಿನಿಂದ ಹಿಡಿದು ಪಾತ್ರೆ ಇಳಿಸಿದಳು. ಆಮೇಲೆ ತಿರುಗಿ, ಹೊಸ್ತಿಲ ಮೇಲಿದ್ದ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಅಂದಳು:

“ಕೆಮ್ಮೂ ಅವರದಽ ಐತಿ, ದನಿನೂ ಅವರದಽ ಐತಿ. ಆದ್ರ ನಿಮ್ಮ ದೊಡ್ಡಪ್ಪ ಈ ಬಾಗಲದಾಗ ಚಪ್ಪಲಿ ಬಿಡೂಕಿಂತ ಮೊದಲ, ‘ಖೋಲಿ ಬಾಡಿಗಿ ಬಂತೇನ’ ಅಂತ ಕೇಳತಿದ್ರು. ನೀ ಕೇಳಲಿಲ್ಲ. ಹೋಗು, ಎರಡನೇ ಖೋಲಿದು ಇನ್ನೂ ಬಂದಿಲ್ಲ, ಇಸಗೊಂಡ ಬಾ. ನಿನ್ನ ದನಿಯಾಗಽ ಕೇಳು.”